'ಮತ್ತು' ಇಲ್ಲದೆ ಜಾತ್ರೆಗೆ ಹೋಗಿ ಬಂದ ಹುಡುಗ

ಎಲ್ಲರಿಗೂ ನಮಸ್ಕಾರ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಈ ಕ್ಲಸ್ಟರ್ ಸಭೆಯಲ್ಲಿ ಊಟಕ್ಕೆ ಮುಂಚಿನ ಭಾಷಣ ಅಂದರೆ ಏನು ಅಂತ ನನಗೂ ಗೊತ್ತು. ಎಷ್ಟೋ ವರ್ಷ ನಾನೂ ಆ ಕಡೆಯ ಬೆಂಚಿನಲ್ಲೇ ಕೂತವಳು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ: ವಾಕ್ಯ ಜೋಡಿಸುವುದನ್ನು ಮಕ್ಕಳಿಗೆ ಹೇಳಿಕೊಡುವುದು ಹೇಗೆ?

ಮೂರನೇ ತರಗತಿಯ ಒಬ್ಬ ಹುಡುಗ ಜಾತ್ರೆ ಬಗ್ಗೆ ಹೀಗೆ ಬರೆದಿದ್ದ: "ನಾನು ಜಾತ್ರೆಗೆ ಹೋದೆನು ಮತ್ತು ತೇರು ನೋಡಿದೆನು ಮತ್ತು ಬೆಂಡು ಬತ್ತಾಸು ತಿಂದೆನು ಮತ್ತು ಮನೆಗೆ ಬಂದೆನು." ನಾನು ಖುಷಿಯಿಂದ ರೈಟ್ ಹಾಕಿದೆ. ಹಿಂದಿನ ದಿನ 'ಮತ್ತು' ಹೇಳಿಕೊಟ್ಟಿದ್ದು ನಾನೇ ಅಲ್ವಾ! ಮಧ್ಯಾಹ್ನ ಅದೇ ಹುಡುಗ ಬಿಸಿಯೂಟದ ಸಾಲಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದ: "ಜಾತ್ರೆಗೆ ಹೋಗಿ, ತೇರು ನೋಡಿ, ಬೆಂಡು ಬತ್ತಾಸು ತಿಂದ್ಕೊಂಡು ಬಂದ್ವಿ ಕಣೋ." ಒಂದೇ ಒಂದು 'ಮತ್ತು' ಇಲ್ಲ. ಎಷ್ಟು ಚಂದದ ಕನ್ನಡ! ಅದನ್ನು ಕೆಡಿಸಿದ್ದು ನನ್ನ ಪಾಠ.

ನಾವು ಸಾಮಾನ್ಯವಾಗಿ ಮಾಡುವುದೇನು? ಬೋರ್ಡ್ ಮೇಲೆ 'ಸಂಬಂಧಾರ್ಥಕಾವ್ಯಯ' ಅಂತ ಬರೆಯುತ್ತೇವೆ, ಅಂದರೆ ಪದಗಳನ್ನೋ ವಾಕ್ಯಗಳನ್ನೋ ಜೋಡಿಸುವ, ರೂಪ ಬದಲಾಗದ ಪದ. ಏಳೆಂಟು ವರ್ಷದ ಮಗುವಿಗೆ ಅದನ್ನು ಓದಲಿಕ್ಕೇ ಅರ್ಧ ಪೀರಿಯಡ್ ಬೇಕು. ಕೆಳಗೆ ಮತ್ತು, ಆದರೆ, ಅಥವಾ, ಆದ್ದರಿಂದ, ಏಕೆಂದರೆ ಅಂತ ಪಟ್ಟಿ. ಆಮೇಲೆ ಬಿಟ್ಟ ಸ್ಥಳ ತುಂಬಿರಿ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಅನ್ನುವ ಕನ್ನಡ ವ್ಯಾಕರಣ ಬರೆದಾಗ ಅವ್ಯಯವನ್ನು ಎಂಟನೆಯ, ಅಂದರೆ ಕಟ್ಟಕಡೆಯ ಪ್ರಕರಣದಲ್ಲಿ ಇಟ್ಟ. ನಾವು ಮೂರನೇ ಕ್ಲಾಸಿನಲ್ಲೇ ಅದರ ಹೆಸರನ್ನು ಬಾಯಿಪಾಠ ಮಾಡಿಸುತ್ತೇವೆ. ಹೆಸರು ಆಮೇಲೆ ಬರಲಿ ಬಿಡಿ.

ಇಂಗ್ಲಿಷಿನಲ್ಲಿ ಎರಡು ವಾಕ್ಯ ಜೋಡಿಸಬೇಕಾದರೆ ಹೆಚ್ಚಾಗಿ ನಡುವೆ 'ಆ್ಯಂಡ್' ಅನ್ನೋ ಮೊಳೆ ಹೊಡೆಯುತ್ತಾರೆ. ಕನ್ನಡದಲ್ಲಿ ಗಂಟು ಬೀಳುವುದು ಪದದ ಬಾಲದಲ್ಲಿ. ಹೋಗಿ, ನೋಡಿ, ತಿಂದು. ಅಪ್ಪನೂ ಅಮ್ಮನೂ. ಬಿಸಿಯೂಟದ ದಿನ ಮಕ್ಕಳು ಏನು ಕೇಳುತ್ತಾರೆ? "ನಿನಗೆ ಮೊಟ್ಟೆನೋ ಬಾಳೆಹಣ್ಣೋ?" 'ಅಥವಾ' ಅನ್ನುವ ಸಂಸ್ಕೃತದ ಪದ ಅವರಿಗೆ ಗೊತ್ತಿಲ್ಲದಿರಬಹುದು, ಆದರೆ ಆ ಕೆಲಸ ಮಾಡುವ 'ಓ' ಅವರ ನಾಲಿಗೆಯ ಮೇಲೇ ಇದೆ. ಅಲ್ಲಿಂದ ಶುರು ಮಾಡಿ. "ಮೊಟ್ಟೆಯೋ ಬಾಳೆಹಣ್ಣೋ" ಅಂತ ಬೋರ್ಡ್ ಮೇಲೆ ಬರೆಯಿರಿ. ಅದರ ಕೆಳಗೆ "ಮೊಟ್ಟೆ ಅಥವಾ ಬಾಳೆಹಣ್ಣು". ಎರಡೂ ಒಂದೇ ಅಂತ ಅವರೇ ಹೇಳುತ್ತಾರೆ. ಮನೆಯಲ್ಲಿ ತೆಲುಗು, ತುಳು, ತಮಿಳು ಮಾತಾಡುವ ಮಕ್ಕಳಿಗೂ ಈ ದಾರಿ ಸುಲಭ. ಆ ನುಡಿಗಳೂ ಹೀಗೇ ಬಾಲದಲ್ಲೇ ಗಂಟು ಹಾಕುತ್ತವೆ.

ಗಾದೆಗಳನ್ನು ನೋಡಿ. 'ಕೈ ಕೆಸರಾದರೆ ಬಾಯಿ ಮೊಸರು.' 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.' ಒಂದರಲ್ಲಿ 'ರೆ', ಇನ್ನೊಂದರಲ್ಲಿ 'ರೂ'. ಈ ಎರಡು ಬಾಲಗಳ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಮಕ್ಕಳು ಎಡವುವುದು ಇಲ್ಲೇ.

'ಆದರೆ' ಅನ್ನುವುದು 'ಆಗು' ಅನ್ನುವ ಕ್ರಿಯಾಪದದ ರೂಪ. "ಮಳೆ ಆದರೆ ಬೆಳೆ ಬರುತ್ತದೆ." ಇಲ್ಲಿ ಅದು ಷರತ್ತು. "ಮಳೆ ಆಯಿತು, ಆದರೆ ಬೆಳೆ ಬರಲಿಲ್ಲ." ಇಲ್ಲಿ ಅದು ಅಡ್ಡಗಾಲು. ಪದ ಒಂದೇ, ಕೆಲಸ ಎರಡು. ನಾವು ಇದನ್ನು ಹೇಳದೆ ಸುಮ್ನೆ 'ಆದರೆ ಸೇರಿಸಿ ವಾಕ್ಯ ಮಾಡು' ಅಂತೀವಿ. ಮಗು "ನನಗೆ ಜ್ವರ ಆದರೆ ಶಾಲೆಗೆ ಬರಲ್ಲ" ಅಂತ ಬರೆಯುತ್ತದೆ. ನಾವು ತಪ್ಪು ಹಾಕುತ್ತೇವೆ. ಪಾಪ, ಅದರ ತಪ್ಪೇನು?

ಇನ್ನು 'ಆದರೂ'. ನನಗೆ ತುಂಬ ಕೆಲಸಕ್ಕೆ ಬಂದ ಆಟ ಒಂದಿದೆ. "ನನಗೆ ಹಸಿವಾಗಿತ್ತು" ಅಂತ ಅರ್ಧ ವಾಕ್ಯ ಕೊಡಿ. ಮುಂದೆ ಒಬ್ಬರಿಗೆ 'ಆದರೆ' ಅಂತ ಬರೆದ ಚೀಟಿ, ಒಬ್ಬರಿಗೆ 'ಆದರೂ', ಒಬ್ಬರಿಗೆ 'ಅದಕ್ಕೆ'. "ಹಸಿವಾಗಿತ್ತು, ಅದಕ್ಕೆ ಎರಡು ಸಲ ಸಾರು ಹಾಕಿಸಿಕೊಂಡೆ." "ಹಸಿವಾಗಿತ್ತು, ಆದರೆ ಡಬ್ಬಿ ಖಾಲಿ ಇತ್ತು." "ಹಸಿವಾಗಿತ್ತು, ಆದರೂ ತಂಗಿಗೆ ಕೊಟ್ಟೆ." ಈಗ ಚೀಟಿ ಅದಲುಬದಲು ಮಾಡಿ. "ಹಸಿವಾಗಿತ್ತು, ಆದರೂ ಡಬ್ಬಿ ಖಾಲಿ ಇತ್ತು" ಅಂದ ಕೂಡಲೇ ಮಕ್ಕಳು ನಗುತ್ತಾರೆ. ಯಾಕೆ ನಗು ಬಂತು ಅಂತ ಕೇಳಿದರೆ ವಿವರಿಸಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಿವಿಗೆ ಗೊತ್ತಾಯಿತಲ್ಲ, ಸಾಕು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಈಗ ನಮ್ಮ ಶಾಲೆಗಳಲ್ಲೂ ಇದೆ. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಈ ಆಟಕ್ಕೆ ಅದು ಅನುಕೂಲವೇ. ಚಿಕ್ಕವರು ಬಾಯಲ್ಲಿ ಹೇಳಲಿ, ದೊಡ್ಡವರು ಬರೆದುಕೊಳ್ಳಲಿ.

'ಏಕೆಂದರೆ' ಇನ್ನೂ ಸುಲಭ. ಬಿಡಿಸಿದರೆ 'ಏಕೆ ಎಂದರೆ'. ನಾವೇ ಕೇಳಿ ನಾವೇ ಉತ್ತರ ಹೇಳುವುದು. ನಾನು "ಇವತ್ತು ಕೊಡೆ ತಂದೆ" ಅಂತೀನಿ. ಇಡೀ ತರಗತಿ "ಏಕೆ?" ಅಂತ ಕೂಗಬೇಕು. ನಾನು "ಏಕೆಂದರೆ ಮೋಡ ಕವಿದಿತ್ತು" ಅಂತೀನಿ. ಮೋಡ ಮೊದಲು ಬಂದರೆ 'ಆದ್ದರಿಂದ'. "ಮೋಡ ಕವಿದಿತ್ತು, ಆದ್ದರಿಂದ ಕೊಡೆ ತಂದೆ." ಕಾರಣ ಹೇಳುವ ಇಂಥ ಎರಡು ಪದಗಳನ್ನು ಒಂದೇ ವಾಕ್ಯದಲ್ಲಿ ತುರುಕುವವರು ಇದ್ದಾರೆ. ಮಕ್ಕಳಷ್ಟೇ ಅಲ್ಲ, ರಜೆ ಚೀಟಿಯಲ್ಲಿ "ಕಾರಣ ಏಕೆಂದರೆ" ಅಂತ ಬರೆದ ಮೇಷ್ಟ್ರನ್ನೂ ನಾನು ನೋಡಿದ್ದೇನೆ. ಹೆಸರು ಹೇಳಲ್ಲ, ಹೆದರಬೇಡಿ.

ಬಾಯಿಯಿಂದ ಬರಹಕ್ಕೆ ಬರುವಾಗ ಮಾತಿನ ರೂಪವನ್ನು ಒಡನೆಯೇ ತಿದ್ದಬೇಡಿ. ಧಾರವಾಡದ ಕಡೆಯ ಮಗು 'ಆದ್ರ', 'ಯಾಕಂದ್ರ' ಅನ್ನುತ್ತದೆ. ಜೋಡಣೆ ಸರಿ ಇದೆಯಾ ಅಂತ ಮೊದಲು ನೋಡಿ.

ತಿದ್ದಲೇಬೇಕಾದ್ದು ಬೇರೆ ಇದೆ. 'ಹೋಗಿ, ತಿಂದು' ಅನ್ನುವ ಗಂಟಿನಲ್ಲಿ ಸಾಮಾನ್ಯವಾಗಿ ಎರಡೂ ಕೆಲಸ ಒಬ್ಬರದೇ ಆಗಿರಬೇಕು. "ಬೆಲ್ ಹೊಡೆದು ಮಕ್ಕಳು ಓಡಿದರು" ಅಂದರೆ ಮಕ್ಕಳೇ ಬೆಲ್ ಹೊಡೆದು ಪರಾರಿಯಾದ ಹಾಗಾಯಿತು. "ಬೆಲ್ ಹೊಡೆದಾಗ" ಅಥವಾ "ಹೊಡೆದ ಕೂಡಲೇ" ಅನ್ನಬೇಕು. "ಮಳೆ ಬಂದು ಕೆರೆ ತುಂಬಿತು" ಅಂತೀವಲ್ಲ ಅಂತ ಇಲ್ಲಿ ಯಾರಾದರೂ ಕೇಳಬಹುದು. ಅದು ಸರಿಯೇ, ಕೆರೆ ತುಂಬಿಸಿದ್ದು ಮಳೆಯೇ ತಾನೇ. ಅದನ್ನು ಮಾತ್ರ ಮೂರನೇ ತರಗತಿಗೆ ಒಯ್ಯಬೇಡಿ. ನಮ್ಮ ನಮ್ಮಲ್ಲೇ ಇರಲಿ.

ಕೊನೆಗೆ ಒಂದು ಜಗಳ. ಅಭ್ಯಾಸದ ಹಾಳೆಯೊಂದರಲ್ಲಿ ಈ ವಾಕ್ಯ ನೋಡಿದೆ: "ಅವಳು ಹುಡುಗಿ, ಆದರೆ ಲೆಕ್ಕದಲ್ಲಿ ಜಾಣೆ." ವ್ಯಾಕರಣ ಸರಿ. ಆದರೆ ಆ 'ಆದರೆ' ಏನು ಹೇಳುತ್ತಿದೆ? ಹುಡುಗಿಯರಿಗೆ ಲೆಕ್ಕ ಬರಲ್ಲ ಅಂತ ತಾನೇ? "ಬಡವ, ಆದರೆ ಪ್ರಾಮಾಣಿಕ" ಅನ್ನುವುದೂ ಇದೇ ಜಾತಿಯದು. ಎಂಟು ವರ್ಷದ ಮಗುವಿಗೆ ನಾವು ಬರೀ ಪದ ಕಲಿಸುತ್ತಿಲ್ಲ. ಯಾವುದಕ್ಕೆ ಯಾವುದು ಅಡ್ಡ ಅನ್ನುವುದನ್ನೂ ಕಲಿಸುತ್ತಿದ್ದೇವೆ. ಉದಾಹರಣೆ ವಾಕ್ಯ ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲಲಿ. "ಅವಳು ಚಿಕ್ಕವಳು, ಆದರೆ ಬಾವಿಯಿಂದ ನೀರು ಸೇದುತ್ತಾಳೆ" ಅಂತ ಬರೆದರೂ ಪಾಠ ನಡೆಯುತ್ತದೆ.

ಮಾತು ಸಾಕು. ಪ್ರತಿ ಬೆಂಚಿಗೂ ಹಾಳೆ ಇಟ್ಟಿದ್ದೇನೆ. ನಿಮ್ಮೂರಿನ ಜಾತ್ರೆ ಬಗ್ಗೆ ಐದು ಸಾಲು ಬರೆಯಿರಿ. 'ಮತ್ತು' ಒಂದೂ ಇರಬಾರದು, ಗಂಟುಗಳು ಮಾತ್ರ ಇರಬೇಕು. ಹತ್ತು ನಿಮಿಷ. ಬರೆದು ಮುಗಿಸಿದವರು ಕೈ ತೊಳೆದುಕೊಂಡು ಊಟಕ್ಕೆ ಹೋಗಬಹುದು.