ಎದುರಿನವರ ಕಣ್ಣಿಗೆ ಕಾಣುವುದು ಮಗುವಿಗೆ ಗೊತ್ತಾಗುತ್ತದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಮಗು ಫೋನಿನಲ್ಲಿ ಅಜ್ಜಿಯ ಜೊತೆ ಮಾತಾಡುತ್ತದೆ. "ಊಟ ಆಯ್ತಾ ಪುಟ್ಟಾ?" ಅಂದರೆ ಸುಮ್ನೆ ತಲೆ ಆಡಿಸುತ್ತದೆ. ಅಜ್ಜಿಗೆ ಅದು ಕಾಣುವುದಿಲ್ಲ ಅನ್ನುವುದು ಮಗುವಿಗೆ ಹೊಳೆಯುವುದೇ ಇಲ್ಲ. ಹಾಗಾದರೆ ಇನ್ನೊಬ್ಬರ ಕಣ್ಣಿನಿಂದ ನೋಡುವುದು ಚಿಕ್ಕ ಮಕ್ಕಳಿಗೆ ಬರುವುದೇ ಇಲ್ಲವೇ?

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಹಾಗೆಯೇ ಹೇಳಿದರು. ಅವರು ಮತ್ತು ಬಾರ್ಬೆಲ್ ಇನ್ಹೆಲ್ಡರ್ ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ ಇಟ್ಟರು. ಇನ್ನೊಂದು ಬದಿಯಲ್ಲಿ ಒಂದು ಗೊಂಬೆ. ಗೊಂಬೆಗೆ ಬೆಟ್ಟಗಳು ಹೇಗೆ ಕಾಣುತ್ತವೆ, ಆ ಚಿತ್ರ ಆರಿಸು ಅಂದರು. ನಾಲ್ಕೈದು ವರ್ಷದ ಮಕ್ಕಳು ಸಾಮಾನ್ಯವಾಗಿ ತಮಗೆ ಕಂಡ ಚಿತ್ರವನ್ನೇ ಆರಿಸಿದರು.

ಆದರೆ ಆ ಪ್ರಶ್ನೆಯೇ ಕಷ್ಟದ್ದು. 1970ರ ದಶಕದಲ್ಲಿ ಮಾರ್ಟಿನ್ ಹ್ಯೂಸ್ ಬೇರೆ ದಾರಿ ಹಿಡಿದರು. ಅಡ್ಡಡ್ಡ ನಿಂತ ಗೋಡೆಗಳು, ಪೊಲೀಸ್ ಗೊಂಬೆಗಳು, ಒಬ್ಬ ಹುಡುಗನ ಗೊಂಬೆ. ಪೊಲೀಸರಿಗೆ ಕಾಣದ ಹಾಗೆ ಹುಡುಗನನ್ನು ಬಚ್ಚಿಡು, ಅಷ್ಟೇ. ಮೂರೂವರೆಯಿಂದ ಐದು ವರ್ಷದ ಮಕ್ಕಳ ಉತ್ತರಗಳಲ್ಲಿ ಸುಮಾರು ಶೇಕಡ 90 ಸರಿ ಇದ್ದವು! ಕಣ್ಣಾಮುಚ್ಚಾಲೆ ಆಡುವ ವಯಸ್ಸಿನ ಮಕ್ಕಳಿಗೆ ಈ ಪ್ರಶ್ನೆ ಅರ್ಥವಾಯಿತು, ಬೆಟ್ಟದ ಪ್ರಶ್ನೆ ಆಗಲಿಲ್ಲ.

ಸರಿ, ಕೇಳಿದಾಗ ಹೇಳುತ್ತಾರೆ. ಯಾರೂ ಕೇಳದಿದ್ದಾಗ? ನನಗೆ ಜಾಸ್ತಿ ಕುತೂಹಲ ಇರುವುದು ಇಲ್ಲೇ.

ಡಾನಾ ಸ್ಯಾಮ್ಸನ್, ಇಯಾನ್ ಆಪರ್ಲಿ ಮತ್ತು ಜೊತೆಗಾರರು 2010ರಲ್ಲಿ ದೊಡ್ಡವರಿಗೆ ಕಂಪ್ಯೂಟರಿನಲ್ಲಿ ಒಂದು ಕೋಣೆಯ ಚಿತ್ರ ತೋರಿಸಿದರು. ಗೋಡೆಗಳ ಮೇಲೆ ಚುಕ್ಕಿಗಳು, ನಡುವೆ ಒಬ್ಬ ಮನುಷ್ಯನ ಚಿತ್ರ. ನಿಮಗೆ ಎಷ್ಟು ಚುಕ್ಕಿ ಕಾಣುತ್ತವೆ? ಕೇಳಿದ್ದು ಅಷ್ಟೇ. ಆದರೂ ನಡುವೆ ನಿಂತವನಿಗೆ ಕಡಿಮೆ ಚುಕ್ಕಿ ಕಾಣುವಂತಿದ್ದರೆ ಉತ್ತರ ತಡವಾಗುತ್ತಿತ್ತು, ತಪ್ಪೂ ಹೆಚ್ಚುತ್ತಿತ್ತು. ಅವನ ನೋಟ ನಮ್ಮ ಲೆಕ್ಕದಲ್ಲಿ ಅಡ್ಡ ಬರುತ್ತಿತ್ತು. 2012ರಲ್ಲಿ ಆಂಡ್ರ್ಯೂ ಸರ್ಟೀಸ್ ಮತ್ತು ಆಪರ್ಲಿ 6ರಿಂದ 10 ವರ್ಷದ ಮಕ್ಕಳಲ್ಲೂ ಇದನ್ನೇ ಕಂಡರು.

ಇದಕ್ಕೆ ತಕರಾರೂ ಇದೆ, ಗಟ್ಟಿಯಾದ ತಕರಾರು. ಮನುಷ್ಯನ ಜಾಗದಲ್ಲಿ ಬರೀ ಬಾಣದ ಗುರುತು ಇಟ್ಟರೂ ದೊಡ್ಡವರಲ್ಲಿ ಅದೇ ತಡ ಕಂಡುಬಂತು. ಬಾಣಕ್ಕೆ ಕಣ್ಣಿಲ್ಲ, ಅಲ್ವಾ? ಹಾಗಾದರೆ ನಮ್ಮ ಗಮನ ಸುಮ್ನೆ ಆ ದಿಕ್ಕಿಗೆ ಹೊರಳುತ್ತಿರಬಹುದು. ವಾದ ಇನ್ನೂ ಮುಗಿದಿಲ್ಲ.

ಇನ್ನೊಂದು ಪರೀಕ್ಷೆ ನೋಡಿ. ಮೇಜಿನ ಮೇಲೆ 6 ಅಂಕಿ ಇದೆ. ಎದುರು ಕುಳಿತವನಿಗೆ ಅದು 9. ಎದುರಿನವನಿಗೆ ಅದು ಹೇಗೆ ಕಾಣುತ್ತದೆ ಎಂದು ಕೇಳದಿದ್ದರೆ ಇಲ್ಲಿ ಅವನ ನೋಟ ಅಡ್ಡ ಬರಲಿಲ್ಲ, ಮಕ್ಕಳಲ್ಲೂ ಇಲ್ಲ, ದೊಡ್ಡವರಲ್ಲೂ ಇಲ್ಲ. ಏನು ಕಾಣುತ್ತದೆ ಎನ್ನುವುದು ತಾನಾಗಿ ಹೊಳೆದರೂ, ಹೇಗೆ ಕಾಣುತ್ತದೆ ಎನ್ನುವುದಕ್ಕೆ ನಾವೂ ನಿಂತು ಯೋಚಿಸಬೇಕು.

ಅದಕ್ಕೇ ಮಗುವನ್ನು "ತನ್ನದೇ ನೋಡ್ಕೊಳ್ತದೆ, ಸ್ವಾರ್ಥಿ" ಎಂದು ಗದರಿದಾಗ ನನಗೆ ಬೇಸರವಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಪ್ರಶ್ನೆ. ಚಿತ್ರ ಬರೆದು ತನ್ನ ಕಡೆಗೇ ತಿರುಗಿಸಿ ಹಿಡಿದು "ನೋಡು" ಅಂದರೆ, "ನಂಗೆ ಹಿಂಬದಿ ಕಾಣ್ತಾ ಇದೆ ಕಂದಾ, ನಿಂಗೇನು ಕಾಣ್ತಿದೆ?" ಎಂದು ಕೇಳಿ. ಹಾಳೆ ತಾನಾಗಿ ನಿಮ್ಮ ಕಡೆ ತಿರುಗಬಹುದು.

ನಮಸ್ಕಾರ.