ತಂತ್ರಜ್ಞಾನದ ಸುದ್ದಿ: ಯಾರ ಮಾತಿಗೆ ಕಿವಿ ಕೊಡಬೇಕು?

ಕೇಳುಗ ಬಂಧುಗಳಿಗೆ ನಮಸ್ಕಾರ.

2016ರ ನವೆಂಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಹೊಸ 2000 ರೂಪಾಯಿ ನೋಟಿನೊಳಗೆ ನ್ಯಾನೊ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು, ಕೆಲವು ಟಿವಿ ವಾಹಿನಿಗಳಲ್ಲೂ ಬಂತು. ಜಿಪಿಎಸ್‌ಗೆ ಕಿವಿ ಮಾತ್ರ ಇದೆ, ಬಾಯಿ ಇಲ್ಲ. ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಅದು ಲೆಕ್ಕ ಹಾಕುತ್ತದೆ, ಅಷ್ಟೇ. ಆ ಲೆಕ್ಕವನ್ನು ಇನ್ನೊಬ್ಬರಿಗೆ ತಲುಪಿಸಬೇಕಾದರೆ ಬೇರೆ ಪ್ರಸಾರಕ ಬೇಕು, ಅದಕ್ಕೆ ವಿದ್ಯುತ್ ಬೇಕು. ಕಾಗದದ ನೋಟಿನಲ್ಲಿ ಬ್ಯಾಟರಿ ಎಲ್ಲಿಡುವುದು? ಅಷ್ಟು ಆಳದ ಮಣ್ಣಿಗೆ ಉಪಗ್ರಹದ ಸಂಕೇತ ಇಳಿಯುವುದೂ ಇಲ್ಲ. ಎರಡೇ ನಿಮಿಷದಲ್ಲಿ ಇಷ್ಟನ್ನು ಬಿಡಿಸಿ ಹೇಳುವವರ ಮಾತು ಆ ವಾರ ನಮ್ಮ ಕಿವಿಗೆ ಬಿದ್ದಿದ್ದರೆ ಆ ಸುದ್ದಿ ಹುಟ್ಟಿದಲ್ಲೇ ಬಾಡುತ್ತಿತ್ತು.

ಪಾಡ್‌ಕಾಸ್ಟ್‌ಗಳಲ್ಲಿ ಅಂಥವರು ಇದ್ದಾರೆ. ವಾರವಾರವೂ ಮಾತಾಡುತ್ತಾರೆ, ಬಹುಪಾಲು ಪುಕ್ಕಟೆಯಾಗಿಯೇ ಮಾತಾಡುತ್ತಾರೆ. ಅವರನ್ನು ಹುಡುಕುವುದು, ಪರೀಕ್ಷಿಸುವುದು, ಕಡಿಮೆ ಡೇಟಾದಲ್ಲಿ ಕೇಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಪಾಡ್‌ಕಾಸ್ಟ್ ಎಂದರೆ ರೇಡಿಯೊ ಕಾರ್ಯಕ್ರಮವನ್ನೇ ಫೋನಿಗೆ ಇಳಿಸಿಟ್ಟುಕೊಂಡು ಬೇಕಾದಾಗ ಕೇಳುವುದು. ಕಾರ್ಯಕ್ರಮದವರು ಆರ್‌ಎಸ್‌ಎಸ್ ಫೀಡ್ ಎಂಬ ಒಂದು ಪಟ್ಟಿ ಇಟ್ಟಿರುತ್ತಾರೆ. ಹೊಸ ಕಂತು ಬಂದಾಗ ಅದರ ವಿಳಾಸ ಆ ಪಟ್ಟಿಗೆ ಸೇರುತ್ತದೆ. ನಿಮ್ಮ ಆ್ಯಪ್ ಆಗಾಗ ಆ ಪಟ್ಟಿಯನ್ನು ನೋಡಿ ಬಂದು ಕಂತನ್ನು ತರುತ್ತದೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಿಗೆ, ತೋರಣಗಲ್ಲಿನ ಪಾಳಿಗೆ ಬಸ್ಸಿನಲ್ಲಿ ಹೋಗುವವರಿಗೆ, ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರಿಗೆ ಕೈ, ಕಣ್ಣು ಎರಡೂ ಬಿಡುವಿರುವುದಿಲ್ಲ. ಕಿವಿ ಬಿಡುವಾಗಿರುತ್ತದೆ. ವಿಡಿಯೊಗಿಂತ ಪಾಡ್‌ಕಾಸ್ಟ್ ಇಂಥ ಕಡೆ ಹೆಚ್ಚು ಒದಗುತ್ತದೆ.

ಮೊದಲು ಪರೀಕ್ಷೆಯ ವಿಷಯ. ರಾಯಚೂರಿನ ಗಂಜ್‌ನಲ್ಲಿ ಭತ್ತ ಕೊಳ್ಳುವವರು ಚೀಲದ ಬಾಯಿ ನೋಡಿ ದರ ಕಟ್ಟುವುದಿಲ್ಲ. ಒಳಗಿನಿಂದ ಒಂದು ಹಿಡಿ ತೆಗೆದು, ತೇವ ನೋಡಿ, ಅಂಗೈಯಲ್ಲಿ ಊದಿ ಜೊಳ್ಳೆಷ್ಟು ಎಂದು ಅಳೆಯುತ್ತಾರೆ. ಮಾತುಗಾರರನ್ನೂ ಹಾಗೇ ನೋಡಬೇಕು. ಇವತ್ತಿನ ಕಂತನ್ನು ಬಿಟ್ಟು ಹಳೆಯದೊಂದನ್ನು ತೆಗೆಯಿರಿ. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡಿತಲ್ಲ, ಆ ವಾರದ ಕಂತು ಕೇಳಿ. ಇನ್ನು ಕೆಲವೇ ವರ್ಷಗಳಲ್ಲಿ ಕಚೇರಿ, ಶಾಲೆ ಎಲ್ಲವೂ ಮೆಟಾವರ್ಸ್ ಎಂಬ ಕಂಪ್ಯೂಟರ್ ಸೃಷ್ಟಿಯ ಲೋಕದಲ್ಲಿ ಎಂದು ಅವರು ಘೋಷಿಸಿದ್ದರೇ? ಅಥವಾ ಕಂಪನಿ ಹೇಳಿದ್ದು ಇಷ್ಟು, ನನ್ನ ಊಹೆ ಇಷ್ಟು ಎಂದು ಬೇರೆ ಮಾಡಿ ಹೇಳಿದ್ದರೇ? ಒಂದೇ ಹಳೆಯ ಕಂತು ಮನುಷ್ಯನ ಗುಣ ಹೇಳಿಬಿಡುತ್ತದೆ.

ಇನ್ನೂ ಒಳ್ಳೆಯ ಒರೆಗಲ್ಲು 2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಒಂದು ಚಿಕ್ಕ ಅಪ್‌ಡೇಟ್ ಕಳಿಸಿತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಸೈಬರ್ ದಾಳಿ ಎಂದು ಕೂಗಿದವರು ಬಹಳ ಮಂದಿ. ನಿಜದಲ್ಲಿ ದಾಳಿ ನಡೆದೇ ಇರಲಿಲ್ಲ. ಆ ತಂತ್ರಾಂಶ 21 ಅಂಶಗಳ ಮಾಹಿತಿ ಬರುತ್ತದೆಂದು ಕಾದಿತ್ತು, ಅದಕ್ಕೆ ಸಿಕ್ಕಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಮುಗ್ಗರಿಸಿತು. ಅದು ವಿಂಡೋಸ್‌ನ ತಿರುಳಿನೊಳಗೇ ಕೆಲಸ ಮಾಡುವ ತಂತ್ರಾಂಶವಾದ್ದರಿಂದ ಇಡೀ ಕಂಪ್ಯೂಟರನ್ನೇ ಬೀಳಿಸಿತು. 78 ನಿಮಿಷಗಳಲ್ಲಿ ಕಂಪನಿ ತಪ್ಪು ತಿದ್ದಿತು. ಆದರೆ ಬಿದ್ದ ಯಂತ್ರಕ್ಕೆ ಆ ತಿದ್ದುಪಡಿಯನ್ನು ಇಳಿಸಿಕೊಳ್ಳುವಷ್ಟು ಹೊತ್ತು ಎದ್ದು ನಿಲ್ಲಲು ಆಗುತ್ತಿರಲಿಲ್ಲ. ತೀರಾ ಅಗತ್ಯದ ತಂತ್ರಾಂಶವಷ್ಟೇ ನಡೆಯುವ ಸೇಫ್ ಮೋಡ್‌ನಲ್ಲಿ ತೆರೆದು, 291 ಸಂಖ್ಯೆಯ ಫೈಲನ್ನು ಒಂದೊಂದು ಯಂತ್ರದಲ್ಲೂ ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದವರಿಗೆ ಅದರ ಕೀಲಿ ಸಂಖ್ಯೆಯನ್ನೂ ಹುಡುಕುವ ಕೆಲಸ. ಮನೆಯಲ್ಲಿ, ಸಣ್ಣ ಅಂಗಡಿಯಲ್ಲಿ ಇರುವ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಆ ತಂತ್ರಾಂಶವೇ ಇರುವುದಿಲ್ಲ, ಹಾಗಾಗಿ ಅವುಗಳಿಗೆ ಏನೂ ಆಗಲಿಲ್ಲ. ಕೊನೆಯ ಈ ಮಾತನ್ನು ಆ ದಿನವೇ ಹೇಳಿದ ವ್ಯಾಖ್ಯಾನಕಾರರು ಯಾರೋ ಅವರನ್ನು ಇಟ್ಟುಕೊಳ್ಳಿ. ಜನರಿಗೆ ಬೇಕಾಗಿದ್ದದ್ದು ಅದೇ ಮಾತು.

ಹೀಗೆ ಬಿಡಿಸಿ ಹೇಳುವವರಲ್ಲಿ ಅಮೆರಿಕದ ಕಂಪ್ಯೂಟರ್ ಭದ್ರತಾ ತಜ್ಞ ಸ್ಟೀವ್ ಗಿಬ್ಸನ್ ಅವರನ್ನು ಮೊದಲು ಹೆಸರಿಸಬೇಕು. ಕಾರ್ಯಕ್ರಮದ ಹೆಸರು ಸೆಕ್ಯುರಿಟಿ ನೌ. ಜೊತೆಗೆ ಕೂತು ಪ್ರಶ್ನೆ ಕೇಳುವವರು ಲಿಯೊ ಲಪೋರ್ಟ್, ರೇಡಿಯೊದಲ್ಲಿ ಪಳಗಿದ ದನಿ. 2005ರ ಆಗಸ್ಟ್‌ನಲ್ಲಿ ಶುರುವಾದ ಈ ಕಾರ್ಯಕ್ರಮ 2024ರ ನವೆಂಬರ್‌ನಲ್ಲಿ ಸಾವಿರನೆಯ ಕಂತು ಮುಟ್ಟಿತು. 999ಕ್ಕೆ ನಿಲ್ಲಿಸುತ್ತೇನೆ ಎಂದಿದ್ದ ಗಿಬ್ಸನ್ ಮನಸ್ಸು ಬದಲಿಸಿದ್ದು ಕೇಳುಗರ ಪುಣ್ಯ. ಅಮೆರಿಕದಲ್ಲಿ ಮಂಗಳವಾರ ದಾಖಲಾಗುತ್ತದೆ, ನಮಗೆ ಬುಧವಾರದ ಲೆಕ್ಕ. ಈಗಿನ ಕಂತುಗಳು ಸಾಮಾನ್ಯವಾಗಿ ಎರಡು ಗಂಟೆ ಮೀರುತ್ತವೆ. ಉದ್ದ ನೋಡಿ ಹೆದರಬೇಡಿ. ತುಂಡು ಮಾಡಿಕೊಂಡು ವಾರವಿಡೀ ಕೇಳಬಹುದು.

ಈ ಕಾರ್ಯಕ್ರಮವನ್ನು ನಮ್ಮ ಭಾಗದ ಕೇಳುಗರಿಗೆ ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಗಿಬ್ಸನ್ ತಮ್ಮ ಜಿಆರ್‌ಸಿ ಡಾಟ್ ಕಾಮ್ ತಾಣದಲ್ಲಿ ಪ್ರತಿ ಕಂತನ್ನೂ ಎರಡು ಗಾತ್ರದಲ್ಲಿ ಇಡುತ್ತಾರೆ: 64 ಕೆಬಿಪಿಎಸ್ ಮತ್ತು 16 ಕೆಬಿಪಿಎಸ್. ಒಂದು ಸೆಕೆಂಡಿನ ದನಿಗೆ ಎಷ್ಟು ಕಿಲೋಬಿಟ್ ಡೇಟಾ ಎಂಬ ಅಳತೆ ಅದು. ಲೆಕ್ಕ ಸುಲಭ. 64 ಕೆಬಿಪಿಎಸ್ ಆದರೆ ಗಂಟೆಗೆ ಸುಮಾರು 29 ಎಂಬಿ, 16 ಆದರೆ ಗಂಟೆಗೆ 7 ಎಂಬಿ ಚಿಲ್ಲರೆ. ಎರಡೂವರೆ ಗಂಟೆಯ ಕಂತು ದೊಡ್ಡ ಗಾತ್ರದಲ್ಲಿ 72 ಎಂಬಿ, ಸಣ್ಣದರಲ್ಲಿ 18 ಎಂಬಿ. ಸಣ್ಣದರ ದನಿ ಹಳೆಯ ಟೆಲಿಫೋನಿನಂತೆ ಮಂದವಾಗಿರುತ್ತದೆ, ಆದರೆ ಮಾತು ತಿಳಿಯುತ್ತದೆ. ಜೊತೆಗೆ ಇಡೀ ಸಂಭಾಷಣೆಯ ಬರಹರೂಪವೂ ಸಿಗುತ್ತದೆ, ಒಂದೆರಡು ದಿನ ತಡವಾಗಿ, ಪುಕ್ಕಟೆಯಾಗಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಬರಹವನ್ನು ಬಿಡಬಾರದು. ಅಮೆರಿಕದವರ ಇಂಗ್ಲಿಷ್ ಕಿವಿಗೆ ಹತ್ತುವುದಿಲ್ಲ ಎಂದು ಮೊದಲ ವಾರವೇ ಕೈಬಿಡುವವರು ಹೆಚ್ಚು. ಹೀಗೆ ಮಾಡಿ ನೋಡಿ. ಮೊದಲು ಒಂದು ವಿಷಯದ ಎರಡು ಪುಟ ಓದಿ. ಗೊತ್ತಿಲ್ಲದ ಪದಗಳಲ್ಲಿ ಐದನ್ನು ಮಾತ್ರ ಗುರುತು ಹಾಕಿ ಅರ್ಥ ನೋಡಿ. ಐವತ್ತಕ್ಕೂ ಅರ್ಥ ಹುಡುಕಲು ಹೋದರೆ ಬೇಸರ ಬರುತ್ತದೆ. ಆಮೇಲೆ ಆ ಎರಡು ಪುಟದ ಭಾಗವನ್ನು 0.8 ವೇಗದಲ್ಲಿ, ಕಣ್ಣು ಬರಹದ ಮೇಲಿಟ್ಟು ಕೇಳಿ. ಮರುದಿನ ಬರಹವಿಲ್ಲದೆ ಸಹಜ ವೇಗದಲ್ಲಿ ಕೇಳಿ. 0.8ಕ್ಕಿಂತ ಕೆಳಗೆ ಇಳಿಸಬೇಡಿ, ಪದಗಳು ಎಳೆದುಕೊಂಡು ಇನ್ನೂ ಅರ್ಥವಾಗದಂತಾಗುತ್ತವೆ. ಬೇರೆ ಕೆಲವು ಕಾರ್ಯಕ್ರಮಗಳಲ್ಲಿ ಬರಹಕ್ಕೂ ಧ್ವನಿಗೂ ಸಮಯ ತಾಳೆಯಾಗುವುದಿಲ್ಲ. ಕೇಳುವವರ ಊರು ನೋಡಿ ನಡುವೆ ಬೇರೆ ಬೇರೆ ಜಾಹೀರಾತು ತುರುಕುವುದೇ ಅದಕ್ಕೆ ಕಾರಣ. ಆಗ ನಿಮಿಷ ನೋಡದೆ ವಾಕ್ಯ ಹುಡುಕಿ.

ಆ್ಯಂಡ್ರಾಯ್ಡ್ ಫೋನಿಗೆ ಆಂಟೆನಾಪಾಡ್ ಎಂಬ ಉಚಿತ, ಮುಕ್ತ ಆ್ಯಪ್ ಸಾಕು. ಖಾತೆ ತೆರೆಯಬೇಕಿಲ್ಲ, ಆ್ಯಪ್ ತಾನಾಗಿ ಜಾಹೀರಾತು ತೋರಿಸುವುದಿಲ್ಲ. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡು, ಆಡ್ ಪಾಡ್‌ಕಾಸ್ಟ್ ಒತ್ತಿ, ಕಾರ್ಯಕ್ರಮದ ಹೆಸರು ಹುಡುಕಿ, ಸಬ್‌ಸ್ಕ್ರೈಬ್ ಒತ್ತಿ. ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಭಾಗಕ್ಕೆ ಹೋಗಿ, ತಾನಾಗಿ ಇಳಿಸುವ ಆಯ್ಕೆಯನ್ನು ಎಲ್ಲ ಕಾರ್ಯಕ್ರಮಕ್ಕೂ ಕೊಡದೆ ಒಂದೆರಡಕ್ಕೆ ಮಾತ್ರ ಕೊಡಿ. ಕೇಳಿ ಮುಗಿದ ಕಂತು ಅಳಿಸಿಹೋಗುವ ಆಯ್ಕೆಯನ್ನು ಹಾಕಿಡಿ, ಇಲ್ಲವಾದರೆ ಎರಡು ತಿಂಗಳಲ್ಲಿ ಫೋನ್ ತುಂಬಿ ಮದುವೆ ಫೋಟೊ ತೆಗೆಯಲೂ ಜಾಗವಿರುವುದಿಲ್ಲ. ಮೆಮೊರಿ ಕಾರ್ಡ್ ಇದ್ದರೆ ಕಂತುಗಳನ್ನು ಅದರಲ್ಲೇ ಇಡಬಹುದು.

ಸಾಮಾನ್ಯವಾಗಿ ಕೆಡುವುದು ಒಂದು ಕಡೆ. ರಾತ್ರಿ ತಾನಾಗಿ ಇಳಿಯಬೇಕಿದ್ದ ಕಂತು ಬೆಳಿಗ್ಗೆ ನೋಡಿದರೆ ಇಳಿದಿರುವುದಿಲ್ಲ. ಆ್ಯಪ್ ಕೆಟ್ಟಿದೆ ಎಂದು ತೆಗೆದುಹಾಕುತ್ತಾರೆ. ದೋಷ ಆ್ಯಪ್‌ನದಲ್ಲ. ಬ್ಯಾಟರಿ ಉಳಿಸಲು ಅನೇಕ ಫೋನ್‌ಗಳು ಪರದೆ ಆರಿದ ಮೇಲೆ ಹಿಂದೆ ನಡೆಯುವ ಕೆಲಸಗಳನ್ನು ನಿಲ್ಲಿಸಿಬಿಡುತ್ತವೆ. ಫೋನಿನ ಸೆಟ್ಟಿಂಗ್ಸ್, ಆ್ಯಪ್ಸ್, ಆಂಟೆನಾಪಾಡ್, ಬ್ಯಾಟರಿ, ಅಲ್ಲಿ ಅನ್‌ರಿಸ್ಟ್ರಿಕ್ಟೆಡ್ ಆರಿಸಿ. ಇನ್ನೊಂದು ಎಚ್ಚರ: 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಮುಚ್ಚಿತು. ಯಾವ ಆ್ಯಪೂ ಶಾಶ್ವತವಲ್ಲ. ಆಂಟೆನಾಪಾಡ್ ಸೆಟ್ಟಿಂಗ್ಸ್‌ನ ಇಂಪೋರ್ಟ್-ಎಕ್ಸ್‌ಪೋರ್ಟ್ ಭಾಗದಲ್ಲಿ ಒಪಿಎಂಎಲ್ ಎಂಬ ಫೈಲ್ ಸಿಗುತ್ತದೆ, ನಿಮ್ಮ ಕಾರ್ಯಕ್ರಮಗಳ ಪೂರ್ತಿ ಪಟ್ಟಿ ಅದು. ವರ್ಷಕ್ಕೆರಡು ಬಾರಿ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.

ಉಳಿದ ಹೆಸರುಗಳನ್ನು ಬೇಗ ಹೇಳುತ್ತೇನೆ. ದಿನದ ಸುದ್ದಿಗೆ ಟಾಮ್ ಮೆರಿಟ್ ಅವರ ಡೈಲಿ ಟೆಕ್ ನ್ಯೂಸ್ ಶೋ, 2014ರಿಂದ ನಡೆಯುತ್ತಿದೆ, ಮುಖ್ಯವಾಗಿ ಕೇಳುಗರ ಹಣದಿಂದಲೇ. ಅಬ್ಬರ ಕಡಿಮೆ. ಸ್ವಚ್ಛ ಉಚ್ಚಾರದ ಇಂಗ್ಲಿಷ್ ಬೇಕಾದವರಿಗೆ ಬಿಬಿಸಿಯ ಟೆಕ್ ಲೈಫ್. ಕೃತಕ ಬುದ್ಧಿಮತ್ತೆಯ ಕಂಪನಿಗಳ ಒಳಸುಳಿಗೆ ಕೆವಿನ್ ರೂಸ್ ಮತ್ತು ಕೇಸಿ ನ್ಯೂಟನ್ ಅವರ ಹಾರ್ಡ್ ಫೋರ್ಕ್. ಹ್ಯಾಕಿಂಗ್ ಪ್ರಕರಣಗಳನ್ನು ಕಥೆಯಾಗಿ ಕೇಳಬೇಕೆಂದರೆ ಜ್ಯಾಕ್ ರೈಸೈಡರ್ ಅವರ ಡಾರ್ಕ್‌ನೆಟ್ ಡೈರೀಸ್. ಬರಹರೂಪ ಅದಕ್ಕೂ ಇದೆ. ಕಂಪನಿಗಳು ಹಣ ಮಾಡುವ ಬಗೆ ತಿಳಿಯಲು ಸ್ಟ್ರಾಟೆಕರಿ ತಾಣದ ಬೆನ್ ಥಾಂಪ್ಸನ್. ಅವರ ಹೆಚ್ಚಿನ ಬರಹಕ್ಕೆ ಚಂದಾ ಕೊಡಬೇಕು, ವಾರಕ್ಕೊಂದು ಲೇಖನ ಉಚಿತ. ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಎಲ್ಲರ ಬಗ್ಗೆಯೂ ಕೇಳಿಕೊಳ್ಳಿ. ಫೋನನ್ನು ಕಂಪನಿಯಿಂದಲೇ ಪಡೆದು, ಅದನ್ನು ಹೇಳದೆ ಹೊಗಳುವ ವಿಮರ್ಶೆಗೆ ಬೆಲೆಯಿಲ್ಲ.

ಇವರೆಲ್ಲ ಎಷ್ಟೇ ದೊಡ್ಡವರಾದರೂ ಯುಪಿಐ, ಆಧಾರ್, ನಮ್ಮ ಸಿಮ್ ಕಾರ್ಡ್ ನಿಯಮಗಳ ಬಗ್ಗೆ ಹೇಳುವುದು ಅಪರೂಪ. ಅದಕ್ಕೆ ಇಲ್ಲಿಯವರೇ ಬೇಕು. ನಿಖಿಲ್ ಪಾಹ್ವಾ 2008ರಲ್ಲಿ ಕಟ್ಟಿದ ಮೀಡಿಯಾನಾಮಾ ಸರ್ಕಾರದ ಕರಡು ನಿಯಮಗಳನ್ನು ಸಾಲುಸಾಲಾಗಿ ಓದಿ ಹೇಳುತ್ತದೆ. ಎಲ್ಲ ಜಾಲತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂದು ಒತ್ತಾಯಿಸಿ 2015ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಇಮೇಲ್‌ಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹೋದದ್ದರ ಹಿಂದೆ ಇಂಥವರ ಶ್ರಮವಿತ್ತು. 2016ರ ಫೆಬ್ರವರಿ 8ರಂದು ಟ್ರಾಯ್ ಡೇಟಾ ದರದ ತಾರತಮ್ಯವನ್ನು, ಅಂದರೆ ಕೆಲವೇ ಜಾಲತಾಣಗಳನ್ನು ಉಚಿತವಾಗಿ ಕೊಡುವಂಥ ಯೋಜನೆಗಳನ್ನು, ನಿಷೇಧಿಸಿತು. ಕರಡು ನಿಯಮ ಬಂದಾಗ ಅಭಿಪ್ರಾಯ ಕಳಿಸಲು ಕೊನೆಯ ದಿನ ಯಾವುದು ಎಂದು ಹೇಳುವವರನ್ನು ಬಿಡಬೇಡಿ. ರಾಯಚೂರಿನಿಂದ ಕಳಿಸಿದ ಇಮೇಲ್‌ಗೂ ದೆಹಲಿಯಿಂದ ಕಳಿಸಿದ್ದಕ್ಕೂ ಅಲ್ಲಿ ಒಂದೇ ತೂಕ.

ಇನ್ನು ಕನ್ನಡ. ಟಿ. ಜಿ. ಶ್ರೀನಿಧಿ ಅವರ ಇಜ್ಞಾನ ತಾಣ ತಾಂತ್ರಿಕ ಪದಗಳನ್ನು ತಿಳಿಯಾದ ಕನ್ನಡದಲ್ಲಿ ಬಿಡಿಸುತ್ತದೆ. ಯು. ಬಿ. ಪವನಜ ಅವರು ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ದಶಕಗಳಿಂದ ದುಡಿದವರು, ಅವರ ಬರಹದಲ್ಲಿ ಗ್ಯಾಜೆಟ್‌ನ ಗುಣದ ಜೊತೆ ದೋಷವೂ ಇರುತ್ತದೆ. ಪವನ್ ಶ್ರೀನಾಥ್, ಸೂರ್ಯ ಪ್ರಕಾಶ್, ಗಣೇಶ್ ಚಕ್ರವರ್ತಿ ಅವರ ತಲೆ-ಹರಟೆ ಪಾಡ್‌ಕಾಸ್ಟ್ ತಂತ್ರಜ್ಞಾನಕ್ಕೇ ಮೀಸಲಲ್ಲ, ಆದರೂ ಗಂಭೀರ ವಿಷಯವನ್ನು ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡಬಹುದೆಂದು ತೋರಿಸಿಕೊಟ್ಟಿದೆ. ಫೋನ್ ಡಬ್ಬಿ ಬಿಚ್ಚುವ ಕನ್ನಡ ವಿಡಿಯೊಗಳು ಬೇಕಾದಷ್ಟಿವೆ. ಸುದ್ದಿಯನ್ನು ಸೋಸಿ ಹೇಳುವ ವಾರದ ಕನ್ನಡ ಪಾಡ್‌ಕಾಸ್ಟ್‌ಗಳು ಸಾಲದು, ಇದು ನೋವಿನ ಮಾತು. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳ ಕಾಲೇಜುಗಳಲ್ಲಿ ನಾಲ್ಕು ಜನ ಸೇರಿದರೆ ಅದು ಶುರುವಾಗಬಹುದು: ಒಂದು ಫೋನ್, ಒಂದು ಕಾಲರ್ ಮೈಕ್, ಫ್ಯಾನ್ ಆರಿಸಿದ ಒಂದು ಕೋಣೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಲು ಆಗದು, ಹಾಗಾಗಿ ಬೆಳಗಿನ ಜಾವ ದಾಖಲಿಸಿ.

ಕೇಳಲು ಶುರು ಮಾಡುವವರು ಎರಡೇ ಕಾರ್ಯಕ್ರಮ ಇಟ್ಟುಕೊಳ್ಳಿ, ಒಂದು ಹೊರಗಿನದು, ಒಂದು ಇಲ್ಲಿಯದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಖಾನೆ ಎಳೆಯಿರಿ: ದಿನಾಂಕ, ಹೇಳಿದವರು, ಮುಂದೆ ಹೀಗಾಗುತ್ತದೆ ಎಂದು ಅವರು ಹೇಳಿದ ಮಾತು. ನಾಲ್ಕನೆಯ ಖಾನೆ ಖಾಲಿ ಇರಲಿ. ಆರು ತಿಂಗಳ ನಂತರ ಅಲ್ಲಿ ಆದದ್ದೇನು ಎಂದು ಬರೆಯಿರಿ. ತಪ್ಪಿದಾಗ ಅವರೇ ಬಂದು ತಪ್ಪಿದೆ ಎಂದು ಹೇಳಿದ್ದರೆ ಪಕ್ಕದಲ್ಲಿ ಒಂದು ಗುರುತು ಹಾಕಿ.

ನಮಸ್ಕಾರ.