ಕಾಲ್ ಆಫ್ ಅಂದ್ರೆ ರದ್ದು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಮಾತು. ಇಂಗ್ಲಿಷಿನಲ್ಲಿ ಕಾಲ್ ಆಫ್ ಅಂದ್ರೆ ರದ್ದು ಮಾಡುವುದು. ಕಾಲ್ ಅಂತ ಇದೆಯಲ್ಲ ಎಂದು ಫೋನಿನ ಕಡೆ ನೋಡಬೇಡಿ. ಮುಂದಕ್ಕೆ ಹಾಕುವುದೂ ಅಲ್ಲ. ಅದಕ್ಕೆ ಪುಟ್ ಆಫ್ ಅಂತ ಬೇರೆಯೇ ಇದೆ.

ಐಪಿಎಲ್ ನೋಡುವವರಿಗೆ ಇದು ಸುಲಭ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಗಡಿ ಬಿಸಿಯಾಗಿದ್ದಾಗ ಪಂದ್ಯಗಳನ್ನು ನಿಲ್ಲಿಸಿ, ವಾರದ ಮೇಲೆ ಮತ್ತೆ ಆಡಿಸಿದರು. ಅದು ಪುಟ್ ಆಫ್. ಮತ್ತೆ ಶುರುವಾದ ದಿನ, ಮೇ 17, ಚಿನ್ನಸ್ವಾಮಿಯಲ್ಲಿ ಬೆಂಗಳೂರು-ಕೋಲ್ಕತ್ತ ಪಂದ್ಯ. ಮಳೆ ಬಿಡಲೇ ಇಲ್ಲ. ಟಾಸ್ ಕೂಡ ಆಗಲಿಲ್ಲ. ತಲಾ ಒಂದು ಪಾಯಿಂಟ್ ಕೊಟ್ಟು ಕೈ ತೊಳೆದುಕೊಂಡರು. ಅದು ಕಾಲ್ ಆಫ್.

ನಮ್ಮ ಭಾವನವರ ಕಥೆ ಹೇಳಲೇಬೇಕು. ಅವರ ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಹುಡುಗನ ಅಜ್ಜಿ ತೀರಿಕೊಂಡರು. ಸೂತಕ ಕಳೆಯಲಿ, ಮುಂದಿನ ತಿಂಗಳು ಮಾಡೋಣ ಅಂತ ಎರಡೂ ಮನೆಯವರು ಒಪ್ಪಿದರು. ಭಾವ ಸುಮ್ನೆ ಕನ್ನಡದಲ್ಲಿ ಬರೆಯಬಾರದಿತ್ತೇ? ವಾಟ್ಸಾಪ್ ಗ್ರೂಪಿಗೆ ಠೀವಿಯಿಂದ ‘ಎಂಗೇಜ್‌ಮೆಂಟ್ ಕಾಲ್ಡ್ ಆಫ್’ ಎಂದು ಹಾಕಿದರು. ಹಾಕಿ ಮಲಗಿಬಿಟ್ಟರು! ಮುಂಬೈನ ಅತ್ತೆ ಅಳುತ್ತಾ ಅಕ್ಕನಿಗೆ ಫೋನ್ ಮಾಡಿ, ‘ಹುಡುಗ ಏನಂದನಂತೆ? ವರದಕ್ಷಿಣೆ ಕೇಳಿದರಾ?’ ಅಂದರು. ಬೆಳಗಾಗುವಷ್ಟರಲ್ಲಿ ಯಾರೋ ಮಹಾನುಭಾವರು ಬೇರೆ ಜಾತಕವನ್ನೂ ಕಳಿಸಿದ್ದರು. ಏನೂ ಗಾಬರಿ ಬೀಳದವರು ಅಡುಗೆಯವರು ಒಬ್ಬರೇ. ಅವರಿಗೆ ಅಕ್ಕ ಕನ್ನಡದಲ್ಲಿ ‘ಮುಂದಕ್ಕೆ ಹೋಗಿದೆ’ ಅಂದಿದ್ದಳು. ಅವರು, ‘ಸರಿ ಅಮ್ಮ, ಹೋಳಿಗೆಗೆ ಬೇಳೆ ನೆನೆಹಾಕಲ್ಲ’ ಅಂದರು, ಅಷ್ಟೇ. ‘ಪುಟ್ ಆಫ್’ ಎಂದು ಹಾಕಿದ್ದರೆ ಅತ್ತೆಯ ಕಣ್ಣೀರು ಉಳಿಯುತ್ತಿತ್ತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ನಡೆಯುತ್ತಿರುವ ಮುಷ್ಕರವನ್ನು ವಾಪಸ್ ತೆಗೆದುಕೊಂಡರೂ ಕಾಲ್ ಆಫ್ ಅಂತಲೇ. ಮೈಮೇಲೆ ಬರುವ ನಾಯಿಯನ್ನು ಹಿಂದಕ್ಕೆ ಕರೆದುಕೊಳ್ಳಿ ಅನ್ನುವುದಕ್ಕೂ ಇದೇ ಮಾತು. ‘ಕಾಲ್ ಆಫ್ ದ ಮೀಟಿಂಗ್’ ಸರಿ, ‘ಕಾಲ್ ದ ಮೀಟಿಂಗ್ ಆಫ್’ ಕೂಡ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಕಾಲ್ ಇಟ್ ಆಫ್’. ‘ಕಾಲ್ ಆಫ್ ಇಟ್’ ಎಂದು ದಯವಿಟ್ಟು ಬರೆಯಬೇಡಿ. ಮೂವತ್ತು ವರ್ಷದಿಂದ ಕೆಂಪು ಶಾಯಿಯಲ್ಲಿ ತಿದ್ದಿ ನನಗೂ ಸಾಕಾಗಿದೆ.

ಅಂದಹಾಗೆ, ಆ ನಿಶ್ಚಿತಾರ್ಥ ಮುಂದಿನ ತಿಂಗಳೇ ಆಯ್ತು. ಹೋಳಿಗೆಯೂ ಇತ್ತು. ನಮಸ್ಕಾರ.